ಬಳೆ ಏರದ ಕೈ

ಇವತ್ತು ಬೆಳಿಗ್ಗೆಯಿಂದ ಮಾಡಿದ್ದು ಇಷ್ಟು. ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಮಗಳನ್ನು ಎಬ್ಬಿಸಿ ಖಾಲಿ ಹೊಟ್ಟೆಯ ಗುಳಿಗೆ ಕೊಟ್ಟೆ. ಅತ್ತೆಗೆ ಬಿಸಿನೀರು ಕಾಸಿಟ್ಟೆ. ಜೋಳ ಹಸನು ಮಾಡಿ ಚೀಲಕ್ಕೆ ತುಂಬಿದೆ, ನಮ್ಮ ಮನೆಯವರು ಗಿರಣಿಗೆ ಒಯ್ದರು. ಪುಂಡಿಪಲ್ಯ ಸೋಸಿ, ತೊಗರಿಬೇಳೆ ನೆನೆಯಲು ಹಾಕಿದೆ. ಮಗಳ ವಾರದ ಗುಳಿಗೆ ಡಬ್ಬಿಯನ್ನು ತೊಳೆದು, ಒರೆಸಿ, ಬಿಸಿಲಿಗೆ ಬೋರಲು ಹಾಕಿದೆ. ಮೂರು ತಿಂಗಳಿಗೊಮ್ಮೆ ಕೊಡಬೇಕಾದ ಮೂತ್ರದ ಸೀಸೆಯನ್ನು ಎರಡು ಚೀಲದಲ್ಲಿ ಸುತ್ತಿ ಲ್ಯಾಬಿಗೆ ಮುಟ್ಟಿಸಿ, ಅಲ್ಲಿಂದ ಔಷಧಿ ಅಂಗಡಿಗೆ ಹೋದೆ.

ಅಂಗಡಿಯಲ್ಲಿ ನನ್ನ ಮುಂದೆ ಮುದುಕರೊಬ್ಬರು ನಿಂತಿದ್ದರು. ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ ಸಿಕ್ಕಿಸಿಕೊಂಡಿದ್ದರು. ಲಾಮಂಚದ ಅತ್ತರು. ಒಣಗಿದ ನೆಲಕ್ಕೆ ನೀರು ಬಿದ್ದಾಗ ಬರುವ ವಾಸನೆಗೆ ಸ್ವಲ್ಪ ಸಿಹಿ ಬೆರೆಸಿದಂಥದ್ದು. ಅಂಗಡಿಯವ, "ಏನ್ ಬೇಕ್ರಿ ಅಕ್ಕಾರ?" ಎಂದು ಎರಡು ಸಲ ಕೇಳಿದನಂತೆ. ನನಗೆ ಕೇಳಿಸಲಿಲ್ಲ. ಚೀಟಿ ಹಿಡಿದ ಕೈ ಮುಂದೆ ಚಾಚಿದವಳು ಹಾಗೆಯೇ ನಿಂತಿದ್ದೆ, ಯಾರೋ ಬಂದು ಆ ಕೈಯನ್ನು ಹಿಡಿದು ಹೆಬ್ಬೆರಳು ಮಡಿಚುತ್ತಾರೆ ಎಂಬಂತೆ...

ನಾವೆಲ್ಲ ಆಕೆಯನ್ನು ಖಾಲಾ ಎನ್ನುತ್ತಿದ್ದೆವು. ಅವರ ಮಾತಿನಲ್ಲಿ ತಾಯಿಯ ತಂಗಿಗೆ ಹಾಗನ್ನುತ್ತಾರೆ. ಓಣಿಗೆ ಬಳೆ ಇಡಲು ಬರುತ್ತಿದ್ದಾಕೆ. ತಲೆಯ ಮೇಲೆ ಬಿದಿರ ಬುಟ್ಟಿ, ಬುಟ್ಟಿಯಲ್ಲಿ ದಾರಕ್ಕೆ ಪೋಣಿಸಿದ ಬಳೆಯ ಕಟ್ಟುಗಳು, ಅವುಗಳ ಮೇಲೊಂದು ಹಸಿರು ವಸ್ತ್ರ, ಕಿವಿಯಲ್ಲಿ ಅತ್ತರಿನ ಹತ್ತಿ. ದರ್ಗಾದ ಕಡೆಯ ಓಣಿಯಲ್ಲಿ ಮನೆ. ಪಂಚಮಿ, ದೀಪಾವಳಿ, ಸಂಕ್ರಾಂತಿ ಹತ್ತಿರ ಬಂದರೆ ನಮ್ಮೂರು ಆಳಂದದಲ್ಲಿ ನಿಲ್ಲುತ್ತಲೇ ಇರಲಿಲ್ಲ. ಬಸ್ಸು ಹತ್ತಿ ಅಫಜಲಪುರದ ಕಡೆಗೆ, ಕರಜಗಿಯವರೆಗೂ ಹೋಗಿ ಬರುತ್ತಿದ್ದಳು. ಆದರೆ ನಮ್ಮ ಓಣಿಯ ಪಾಳಿ ಮಾತ್ರ ತಪ್ಪಿಸುತ್ತಿರಲಿಲ್ಲ.

ನಾನು ಜೇವರ್ಗಿ ತಾಲೂಕಿನ ಅಂದೋಲಾದಿಂದ ಈ ಮನೆಗೆ ಸೊಸೆಯಾಗಿ ಬಂದ ವರ್ಷ, ಮೊದಲು ನನ್ನ ಕೈ ಹಿಡಿದು ನಗಿಸಿದವಳು ಆಕೆಯೇ. "ಏನ್ ವೈನಿ, ತವರ್ಮನ್ಯಾಗ ಒಂದು ಚಂಬೂ ಎತ್ತಿಲ್ಲೇನು? ಕೈಯಲ್ಲ ಇದು, ಬೆಣ್ಣಿ!" ಎಂದಿದ್ದಳು. ಅತ್ತೆ ಹತ್ತಿರವೇ ಕುಳಿತಿದ್ದರು. ನಾನು ನಗಲೋ ಬೇಡವೋ ಎಂದು ನೋಡುತ್ತಿರುವಾಗ ಅವರ ಕಡೆ ತಿರುಗಿ, "ಆಯಿ, ನಿಮ್ಮ ಕೈ ನೋಡ್ರಿ, ಎರಡೆಂಟರ ದೊಡ್ಡ ಬಳಿಯೂ ಅಂಜತಾವ. ಎಮ್ಮಿ ಹಿಂಡೋ ಕೈ!" ಎಂದಳು. ಅತ್ತೆ, "ಸುಮ್ಮ ಇಡ ಬೇ, ಬಾಯಿ ಬಾಳ ಆಗ್ಯಾದ ನಿಂದು" ಎಂದು ಬೈಯುತ್ತಲೇ ನಕ್ಕಿದ್ದರು. ಅತ್ತೆಯನ್ನು ಹಾಗೆ ನಗಿಸುವ ಧೈರ್ಯ ಊರಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಆಕೆ ಕೈಗೆ ಬಳೆ ಹಿಡಿದು ಅಳತೆ ನೋಡಿದ್ದನ್ನು ನಾನು ಕಂಡಿಲ್ಲ. ಸಾಬೂನು ಹಚ್ಚಿ ಬಳೆ ಏರಿಸುವವರನ್ನು ಕಂಡರೆ ಆಕೆಗಾಗದು. ಎದುರಿಗೆ ಕೂಡಿಸಿಕೊಂಡು, ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಚಿ, ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ, ಮೆತ್ತಗೆ ತಿಕ್ಕುತ್ತ ಏನಾದರೂ ಹರಟುತ್ತಿದ್ದಳು. ನಾವು ಅವಳ ಮಾತಿಗೆ ನಗುವಷ್ಟರಲ್ಲಿ ಬಳೆ ಗೆಣ್ಣು ದಾಟಿರುತ್ತಿತ್ತು. ಇಟ್ಟಾದ ಮೇಲೆ ಹುಡುಗಿಯರು ಆಕೆಗೆ ನಮಸ್ಕಾರ ಮಾಡಬೇಕು. ಆಕೆ ತಲೆ ಮುಟ್ಟಿ, ನೂರು ವರ್ಷ ಬಾಳೆಂದು ತನ್ನ ಮಾತಿನಲ್ಲಿ ಹರಸುತ್ತಿದ್ದಳು. ಬಳೆ ಇಡುವ ಹೊತ್ತಿಗೆ ಕೆಟ್ಟ ಮಾತು ಆಡಬಾರದು ಎಂಬುದು ಎರಡೂ ಕಡೆಯ ಕಟ್ಟಳೆ. ಬಳೆ ಒಡೆದರೂ ಒಡೆಯಿತು ಎನ್ನುವಂತಿಲ್ಲ, ಹೆಚ್ಚಿತು ಎನ್ನಬೇಕು. ಸಾವು, ಬೇನೆ, ಜಗಳ, ಯಾವುದೂ ಆ ಚಾಪೆಯ ಮೇಲೆ ಬರಬಾರದು. ಖಾಲಾ ಅದನ್ನು ನಮಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಳು.

ಮಗಳು ಹುಟ್ಟಿ ತೊಟ್ಟಿಲಿಗೆ ಹಾಕಿದ ದಿನ ಕೂಸಿನ ಕೈಗೆ ಕರಿಬಳೆ ಇಟ್ಟವಳೂ ಆಕೆಯೇ. ಅಂದಿನಿಂದ ಪ್ರತಿ ಹಬ್ಬಕ್ಕೂ ಆ ಕೈ ಆಕೆಯ ಕೈಯಲ್ಲೇ ಬೆಳೆಯಿತು.

ಮಗಳಿಗೆ ಹನ್ನೊಂದು ನಡೆಯುವಾಗ ಮುಖ ಊದಿಕೊಂಡಂತೆ ಕಾಣತೊಡಗಿತು. ಶಾಲೆಯಿಂದ ಬಂದವಳೇ ಪಾಟಿಚೀಲ ಸಮೇತ ಮಲಗಿಬಿಡುತ್ತಿದ್ದಳು. ಕುತ್ತಿಗೆಯಲ್ಲಿ ಸಣ್ಣ ಉಬ್ಬು. ಕಲಬುರಗಿಯಲ್ಲಿ ತೋರಿಸಿದೆವು. ಥೈರಾಯ್ಡ್ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಮೈಯ ಒಂದು ಗ್ರಂಥಿಯ ಮೇಲೆ ತಿರುಗಿ ಬಿದ್ದಿದೆ, ಗುಳಿಗೆ ತಪ್ಪಿಸಬೇಡಿ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ, ಇಂಥ ಮಕ್ಕಳಿಗೆ ಮುಂದೆ ಬೇರೆ ಏನಾದರೂ ಜತೆಗೂಡಬಹುದು, ಕಣ್ಣಿಡಬೇಕು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ನಾನು ಗುಳಿಗೆಯ ಮಾತಿನವರೆಗೆ ಕೇಳಿಸಿಕೊಂಡೆ. ಉಳಿದದ್ದು ಕಿವಿಗೆ ಬಿದ್ದರೂ ಒಳಗೆ ಇಳಿದಿರಲಿಲ್ಲ. ಎರಡು ಸಲ ಹೋದೆವು, ರಕ್ತದ ಲೆಕ್ಕ ಸರಿಯಾಗಿದೆ ಎಂದರು. ಆಮೇಲೆ ಹಳೆಯ ಚೀಟಿ ತೋರಿಸಿ ಇಲ್ಲಿಯೇ ಗುಳಿಗೆ ತಂದುಕೊಳ್ಳತೊಡಗಿದೆವು.

ಹದಿಮೂರಕ್ಕೆ ಬಿದ್ದ ವರ್ಷದ ಚಳಿಗಾಲ. ಮುಂಜಾನೆ ನಲ್ಲಿಯ ನೀರಲ್ಲಿ ಕೈ ತೊಳೆದರೆ ಅವಳ ಬೆರಳ ತುದಿಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿದ್ದವು. "ಅವ್ವಾ, ಬೆರಳು ಸತ್ತಾವ ನೋಡು" ಎಂದು ನಗುತ್ತ ತೋರಿಸುತ್ತಿದ್ದಳು. ಥಂಡಿ ಎಂದೆ. ಬಾಟಲಿಯ ಮುಚ್ಚಳ ತೆಗೆಯಲು ಬರದೆ ನನ್ನ ಹತ್ತಿರ ತರುತ್ತಿದ್ದಳು. ಮೈಗಳ್ಳಿ ಎಂದೆ. ಹಣಿಗೆಯಲ್ಲಿ ಕೂದಲು ಉಂಡೆಯಾಗಿ ಬರುತ್ತಿತ್ತು. ಥೈರಾಯ್ಡ್ ಇದ್ದವರಿಗೆ ಕೂದಲು ಉದುರುತ್ತದೆ ಎಂದು ಯಾರೋ ಹೇಳಿದ್ದರು. ಸುಸ್ತು ಅಂದರೂ ಥೈರಾಯ್ಡ್, ಬೆರಳು ದಪ್ಪಗಾದರೂ ಥೈರಾಯ್ಡ್. ಒಂದು ಹೆಸರು ಸಿಕ್ಕಿತ್ತಲ್ಲ, ಮನೆಯಲ್ಲಿ ಎಲ್ಲದಕ್ಕೂ ಆ ಹೆಸರೇ ಸಾಕಾಗಿತ್ತು. ಅತ್ತೆ ಮಾತ್ರ ಖುಷಿಯಾಗಿದ್ದರು. ಕಡ್ಡಿಯಂತಿದ್ದ ಮೊಮ್ಮಗಳ ಕೈ ತುಂಬಿಕೊಂಡಿದೆ, ದೊಡ್ಡವಳಾಗುತ್ತಿದ್ದಾಳೆ ಎಂದು ಪ್ರತಿ ಶುಕ್ರವಾರ ಔಡಲೆಣ್ಣೆ ತಿಕ್ಕಿ ನೀರು ಹಾಕುತ್ತಿದ್ದರು.

ಆ ಚಳಿಗಾಲ ಕಳೆದು ಬಂದ ಪಂಚಮಿಗೆ ನಾಲ್ಕು ದಿನ ಇತ್ತು. ಮೋಡ ಮುಚ್ಚಿದ ಬೆಳಿಗ್ಗೆ. ಪಡಸಾಲೆಯಲ್ಲಿ ಚಾಪೆ ಹಾಸಿ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿದ್ದರು. ಮಗಳು ಕೈಕಾಲು ತೊಳೆದು ಹೊಸ ಲಂಗ ಉಟ್ಟು ಬಂದು ಕುಳಿತಳು. ಖಾಲಾ ಬುಟ್ಟಿಯಿಂದ ಹಸಿರು ಬಳೆಯ ಕಟ್ಟು ತೆಗೆದಳು. ಸಂಕ್ರಾಂತಿಗೆ ಎರಡು-ಎರಡು ಅಳತೆ ಇಟ್ಟಿದ್ದಳು, ಈಗ ಎರಡು-ನಾಲ್ಕು. "ಬರ್ರಿ ಮೇಮಸಾಬ್ರು" ಎಂದು ಕೈ ಹಿಡಿದಳು.

ಹಿಡಿದವಳು ಸುಮ್ಮನಾದಳು.

ಅದನ್ನು ಮೊದಲು ನಾನೊಬ್ಬಳೇ ಗಮನಿಸಿದೆ. ಆಕೆಯ ಹರಟೆ ನಿಂತುಹೋಗಿತ್ತು. ಹೆಬ್ಬೆರಳು ಮಡಿಚಿದಳು, ಗೆಣ್ಣು ಒತ್ತಿದಳು. ಮಗಳು ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡಳು. ಬಳೆ ಗೆಣ್ಣಿನ ಹತ್ತಿರ ನಿಂತಿತು. "ಒಂಚೂರು ಸಾಬೂನು ತರಲೇನು ಖಾಲಾ?" ಎಂದೆ. ಆಕೆ ಆ ಕಟ್ಟನ್ನು ಬುಟ್ಟಿಗೆ ಹಾಕಿದಳು. ಎರಡು-ಆರರ ಬಳೆ ತೆಗೆದಳು. ಅದು ಕಷ್ಟಪಟ್ಟು ದಾಟಿತು. ದಾಟಿದ್ದೇ ತಡ, ಜಾರಿ ಮೊಣಕೈಯವರೆಗೆ ಹೋಗಿಬಿಟ್ಟಿತು. ಹುಡುಗಿಯರು ಕಿಸಕ್ಕನೆ ನಕ್ಕರು. ಖಾಲಾ ನಗಲಿಲ್ಲ. ಆ ಬಳೆಯನ್ನು ಮೆಲ್ಲಗೆ ಹೊರಗೆ ತೆಗೆದು ಪಕ್ಕಕ್ಕಿಟ್ಟಳು. ಮಗಳ ಬೆರಳ ತುದಿಯನ್ನು ಚಿವುಟಿ ಹಿಡಿದು ಬಿಟ್ಟಳು. ಬಿಟ್ಟಲ್ಲಿ ಬೆಳ್ಳಗಾದದ್ದು ಬೆಳ್ಳಗೇ ಉಳಿಯಿತು. ಕೆಂಪು ಬರಲಿ ಎಂದು ನಾನೂ ಕಾದೆ. ಬರಲಿಲ್ಲ, ಬರಲಿಲ್ಲ... ಆಮೇಲೆ ನಿಧಾನಕ್ಕೆ, ನೀಲಿ ಹತ್ತಿಕೊಂಡು ಬಂತು. ಇನ್ನೊಂದು ಬೆರಳಿಗೂ ಹಾಗೆಯೇ ಮಾಡಿದಳು.

"ಬೇಟಿ, ಮುಂಜಾನಿ ಎದ್ದಾಗ ಮುಷ್ಟಿ ಕಟ್ಟಾಕ ಬರತದೇನು?"

"ಬರಂಗಿಲ್ಲ ಖಾಲಾ. ಶಾಲಿಗೆ ಹೋಗೋಷ್ಟರಾಗ ಬರತದ."

ನಾನು ಅವಳ ತಾಯಿ. ಒಂದೇ ಕೋಣೆಯಲ್ಲಿ ಮಲಗುತ್ತೇವೆ. ನನಗೆ ಇದು ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ.

ಖಾಲಾ ಆ ಕೈಯನ್ನು ತನ್ನ ತೊಡೆಯ ಮೇಲಿಂದ ಇಳಿಸಲಿಲ್ಲ. "ವೈನಿ, ಸಿಟ್ಟಾಗಬ್ಯಾಡ್ರಿ. ಇದು ಬೆಳಿಯೋ ಕೈ ಅಲ್ಲ. ಬೆಳಿಯೋ ಕೈ ಎಲ್ಲಾ ಕಡಿ ಬೆಳೀತದ. ಇಲ್ಲಿ ನೋಡ್ರಿ, ತೋಳು ಹೋದ ಸಲಕ್ಕಿಂತ ಸಣ್ಣ ಆಗ್ಯಾದ, ಗೆಣ್ಣು ಅಷ್ಟೇ ಊದ್ಯಾವ. ಎಷ್ಟೋ ಸಾವಿರ ಕೈ ಹಿಡದೇನಿ ನಾನು. ಈ ಕೈಯಾಗ ಏನೋ ಹೊಕ್ಕದ. ದೊಡ್ಡ ಡಾಕ್ಟರಿಗೆ ತೋರಸ್ರಿ."

ಅತ್ತೆ ಕಂಬಕ್ಕೆ ಒರಗಿದ್ದವರು ನೆಟ್ಟಗಾದರು.

"ಏನಂದಿ? ಪಂಚಮಿ ಬಳಿ ಇಡಾಕ ಕುಂತು ನನ್ನ ಮೊಮ್ಮಗಳ ಕೈಯಾಗ ಏನ್ ಹೊಕ್ಕದ ಅಂದಿ?"

"ಆಯಿ, ಬೈರಿ ನನಗ. ಆದ್ರ ತೋರಸ್ರಿ."

"ಬಳಿ ಇಟ್ಟು ಏಳು."

"ಇಡಂಗಿಲ್ರಿ ಆಯಿ. ಒತ್ತಿ ಇಟ್ಟರ ಕೂಸಿಗೆ ತ್ರಾಸ ಆಗತದ. ದೊಡ್ಡದಿಟ್ಟರ ನೀವು ಬೆಳದಾಳ ಅಂತ ಸುಮ್ಮ ಆಗ್ತೀರಿ."

ಹಬ್ಬದ ಬುಟ್ಟಿ ಹೊತ್ತು ಬಂದಾಕೆ ಒಂದು ಹುಡುಗಿಯ ಕೈ ಹಿಡಿದು ಬರಿಗೈ ಬಿಟ್ಟು ಏಳುವುದು ನಮ್ಮ ಓಣಿಯಲ್ಲಿ ಯಾರೂ ಕಂಡದ್ದಲ್ಲ. ಖಾಲಾ ವಸ್ತ್ರ ಮುಚ್ಚಿ ಎದ್ದಳು. ಅತ್ತೆ ಬಾಗಿಲವರೆಗೆ ಬಂದು, ಎಲ್ಲರ ಎದುರಿಗೆ, ಇನ್ನು ಈ ಹೊಸ್ತಿಲು ತುಳಿಯಬೇಡ, ನಿನ್ನ ಬಾಯಿಯ ಹೊಲಸು ನಿನ್ನ ಬುಟ್ಟಿಯಲ್ಲೇ ಇರಲಿ ಎಂದರು. ಅವರು ಕೆಟ್ಟವರಲ್ಲ. ಮೊಮ್ಮಗಳೆಂದರೆ ಅವರಿಗೆ ಜೀವ. ಖಾಲಾ ಹೊಸ್ತಿಲ ಆಚೆ ನಿಂತು ನನ್ನ ಕಡೆ ನೋಡಿದಳು. ನಾನು ಒಂದು ಮಾತು ಆಡಬಹುದಿತ್ತು. ಕೂಡ್ರಿ ಖಾಲಾ, ಒಂದು ವಾಟಗ ಚಹಾ ಕುಡಿದು ಹೋಗ್ರಿ ಎನ್ನಬಹುದಿತ್ತು. ನಾನು ಚಾಪೆಯ ಮೇಲೆ ಬಿದ್ದ ಬಳೆಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತೆ. ಆಕೆ ಹೋದಳು.

ಆ ಪಂಚಮಿಗೆ ಮಗಳ ಕೈಗೆ ಪ್ಲಾಸ್ಟಿಕ್ ಬಳೆ ಕತ್ತರಿಸಿ ಸಿಕ್ಕಿಸಿದೆವು. ಜೋಕಾಲಿಯ ಹಗ್ಗ ಹಿಡಿಯಲು ಬರದೆ ಅವಳು ಅರ್ಧಕ್ಕೇ ಇಳಿದುಬಿಟ್ಟಳು. ಅಂದಿನಿಂದ ನನಗೆ ಹೆದರಿಕೆ ಶುರುವಾಯಿತು. ಒಮ್ಮೆ ನೋಡಲು ಕಲಿತ ಕಣ್ಣು ಮತ್ತೆ ಮುಚ್ಚಲಿಲ್ಲ. ಅವಳು ಚಹಾದ ಲೋಟವನ್ನು ಎರಡು ಅಂಗೈಯಲ್ಲಿ ಹಿಡಿಯುವುದು, ಲಂಗದ ಲಾಡಿಯನ್ನು ಹಲ್ಲಿನಿಂದ ಎಳೆಯುವುದು, ಮೂಗಿನ ಎರಡೂ ಕಡೆ ಬಿಸಿಲಿಗೆ ಕೆಂಪಾಗುವುದು... ಎಲ್ಲ ಕಂಡವು. ನಮ್ಮ ಮನೆಯವರಿಗೆ ಹೇಳಿದೆ. "ರಕ್ತ ಸರಿ ಅದ ಅಂದಾರಲ್ಲ ಬೇ. ಆ ಮುದುಕಿ ಮಾತು ತಲ್ಯಾಗ ಇಟ್ಕೋಬ್ಯಾಡ" ಎಂದರು. ಹಾಗಂದವರು ಊಟದ ಹೊತ್ತಿಗೆ ಮಗಳ ಕೈಯನ್ನೇ ನೋಡುತ್ತಿದ್ದರು. ಮನೆಯಲ್ಲಿ ಎಲ್ಲರೂ ನೋಡುತ್ತಿದ್ದೆವು, ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೇನೋ ಎಂಬಂತೆ.

ಮೂರು ವಾರ ಹಾಗೆಯೇ ಕಳೆದೆ.

ಒಂದು ಬೆಳಿಗ್ಗೆ ಬಚ್ಚಲು ತೊಳೆಯಲು ಹೋದಾಗ, ಅವಳು ಮೂತ್ರಕ್ಕೆ ಹೋಗಿ ಬಂದ ಜಾಗದಲ್ಲಿ ನೊರೆ ಕಂಡಿತು. ಸಾಬೂನಿನದೆಂದು ನೀರು ಹಾಕಿದೆ. ಮರುದಿನವೂ ಅಷ್ಟೇ ನೊರೆ. ಆಗ ಗಟ್ಟಿಯಾದೆ. ಅತ್ತೆಗೆ, ಅಂದೋಲಾದಲ್ಲಿ ನಮ್ಮವ್ವನಿಗೆ ಮೈಯಲ್ಲಿ ನೆಟ್ಟಗಿಲ್ಲ, ಮಗಳನ್ನು ಕರೆದುಕೊಂಡು ಹೋಗಿಬರುತ್ತೇನೆ ಎಂದು ಸುಳ್ಳು ಹೇಳಿದೆ. ಹೇಳಿದ ಸುಳ್ಳು ಎಲ್ಲಿ ನಿಜವಾಗಿ ಅವ್ವನಿಗೆ ತಗಲುತ್ತದೋ ಎಂಬ ಭಯ ಬೇರೆ. ಕಲಬುರಗಿಯಲ್ಲಿ ಇಳಿದು ಜೇವರ್ಗಿ ಬಸ್ಸಿನ ಕಡೆ ಹೋಗದೆ ಆಟೊ ಹಿಡಿದಾಗ ಮಗಳು ಎಲ್ಲಿಗೆ ಎಂದು ಕೇಳಲೇ ಇಲ್ಲ. ಅವಳಿಗೂ ಗೊತ್ತಿತ್ತು.

ಡಾಕ್ಟರು ಅದೇ ಮೊದಲಿನವರು, ನಡುವಯಸ್ಸಿನ ಹೆಣ್ಣುಮಗಳು. ಥೈರಾಯ್ಡಿನ ಚೀಟಿ ಮುಂದಿಟ್ಟು, ಸುಸ್ತು, ಕೂದಲು ಎಂದು ಶುರುಮಾಡಿದೆ. ಅವರು ಬರೆಯುತ್ತಲೇ ಇದ್ದರು. ಕೊನೆಗೆ, ನಾಚಿಕೊಂಡೇ, "ಬಳಿ ಏರವಲ್ಲವ್ರೀ. ಏರಿದ್ದು ಮೊಣಕೈ ತನಕ ಜಾರತದ" ಎಂದೆ. ಅವರ ಪೆನ್ನು ನಿಂತಿತು.

"ಯಾರ್ ನೋಡಿದ್ರು ಇದನ್ನ?"

"ನಮ್ಮ ಓಣಿಗೆ ಬಳಿ ಇಡಾಕ ಬರೋ ಹೆಣ್ಣುಮಗಳ್ರಿ."

ಅವರು ಎದ್ದು ಈ ಕಡೆ ಬಂದು ಮಗಳ ಕೈ ಹಿಡಿದರು. ಗೆಣ್ಣು ಒತ್ತಿದರು. ಬೆರಳ ತುದಿ ಚಿವುಟಿ ಬಿಟ್ಟು ಕಾದರು. ಖಾಲಾ ಮಾಡಿದ್ದನ್ನೇ, ಅದೇ ಕ್ರಮದಲ್ಲಿ. ನಾನು ಸ್ಟೂಲಿನ ಮೇಲೆ ಕುಳಿತೆ. ಮೂತ್ರ, ರಕ್ತ ಎಲ್ಲ ತೆಗೆದುಕೊಂಡರು. ಮತ್ತೊಬ್ಬರು, ಕೀಲುರೋಗದ ಡಾಕ್ಟರಿಗೂ ತೋರಿಸಿದರು. ವರದಿ ಬರುವ ತನಕ ಅವ್ವನ ಮನೆಯಲ್ಲಿ ಇದ್ದೆವು. ಆ ನಾಲ್ಕು ದಿನ ಅವ್ವ ಮಾಡಿಕೊಟ್ಟದ್ದು ಏನು, ತಿಂದದ್ದು ಏನು, ಒಂದೂ ನೆನಪಿಲ್ಲ. ದಿನದಿನದ್ದನ್ನು ನೆನಪಿಟ್ಟುಕೊಳ್ಳುವ ನನಗೆ ಆ ನಾಲ್ಕು ದಿನ ಮಾತ್ರ ಬಿಳಿ ಹಾಳೆ...

ಲೂಪಸ್ ಎಂದರು. ಜತೆಗೆ ಚರ್ಮದ್ದು, ಕೀಲಿನದ್ದು ಇನ್ನೊಂದೆರಡು ರೋಗಗಳ ಗುರುತುಗಳೂ ಬೆರೆತಿವೆ, ಮಕ್ಕಳಲ್ಲಿ ಕೆಲವೊಮ್ಮೆ ಹೀಗೆ ಒಂದರ ಮೇಲೊಂದು ಹೊದ್ದುಕೊಂಡು ಬರುತ್ತವೆ ಎಂದರು. ಮೂತ್ರಪಿಂಡಕ್ಕೆ ಈಗಷ್ಟೇ ಕೈ ಹಾಕಿದೆ. ನಾನು, ಥೈರಾಯ್ಡ್ ಇತ್ತಲ್ಲ, ಅದರದೇ ಅಂದುಕೊಂಡಿದ್ದೆ ಎಂದು ಅಳತೊಡಗಿದೆ. ಡಾಕ್ಟರು ನೀರು ಕೊಟ್ಟು, "ಒಂದು ಬ್ಯಾನಿ ಹೆಸರು ಸಿಕ್ಕ ಮ್ಯಾಲ ಉಳಿದದ್ದೆಲ್ಲಾ ಅದರ ತಲಿಗೇ ಕಟ್ಟತೀವ್ರಿ. ನೀವಷ್ಟೇ ಅಲ್ಲ, ನಾವೂ ಕಟ್ಟತೀವಿ. ಮುಂದಿನ ದೀಪಾವಳಿ ತನಕ ಕಾದಿದ್ರ ಈ ಕಿಡ್ನಿ ಉಳಸೋದು ಬಾಳ ಕಷ್ಟ ಇತ್ತು. ಆ ಬಳಿಯಾಕೀಗೆ ಒಮ್ಮೆ ಕೈ ಮುಗದು ಬರ್ರಿ" ಎಂದರು.

ಮನೆಗೆ ಬಂದು ಅತ್ತೆಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಔಡಲೆಣ್ಣೆಯ ಬಟ್ಟಲನ್ನು ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಬಹಳ ಹೊತ್ತು ತಿಕ್ಕಿ ತಿಕ್ಕಿ ತೊಳೆದರು.

ಆಮೇಲಿನ ವರ್ಷ ಆಸ್ಪತ್ರೆಯಲ್ಲೇ ಕರಗಿತು. ಗುಳಿಗೆಗೆ ಮಗಳ ಮುಖ ಚಂದ್ರನಂತೆ ದುಂಡಗಾಯಿತು, ಕನ್ನಡಿಗೆ ಟವೆಲ್ ಹಾಕಿದಳು. ಬಿಸಿಲಿಗೆ ಛತ್ರಿ ಇಲ್ಲದೆ ಕಳಿಸುವಂತಿಲ್ಲ. ಸಣ್ಣ ಜ್ವರ ಬಂದರೂ ಓಡಬೇಕು. ಮೂತ್ರದಲ್ಲಿನ ದೋಷ ಏರಿತು, ನಿಂತಿತು, ಇಳಿಯಿತು. ಈಗ ಹದಿನೇಳು ಅವಳಿಗೆ, ಪಿಯುಸಿ ಎರಡನೆಯ ವರ್ಷ. ಮುಷ್ಟಿ ಕಟ್ಟುತ್ತಾಳೆ, ಬರೆಯುತ್ತಾಳೆ. ಮೂತ್ರಪಿಂಡ ಉಳಿದಿದೆ. ಆದರೆ ರೋಗ ಹೋಗಿಲ್ಲ, ಮಲಗಿದೆ ಎನ್ನುತ್ತಾರೆ ಡಾಕ್ಟರು. ಕಣ್ಣು ಉರಿಯುತ್ತದೆ ಎಂದರೆ, ಬಾಯಿ ಒಣಗುತ್ತದೆ ಎಂದರೆ, ಇನ್ನೊಂದೇನೋ ಬಂದು ಬಾಗಿಲಲ್ಲಿ ನಿಂತಿದೆಯೇನೋ ಎಂದು ಅವಳ ಮುಖವನ್ನೇ ನೋಡುತ್ತ ನಿಲ್ಲುತ್ತೇನೆ. ಒಮ್ಮೊಮ್ಮೆ ಅವಳೇ, "ಅವ್ವಾ, ನಾ ಆರಾಮ ಇದ್ದೇನಿ. ನನ್ನ ಮಾರಿ ನೋಡೋದು ಬಿಡು, ಹಾಲು ಉಕ್ಕಾಕತ್ತಾವ" ಎಂದು ರೇಗುತ್ತಾಳೆ.

ಖಾಲಾಳ ಹತ್ತಿರ ಹೋಗಲು ನನಗೆ ಒಂದು ವರ್ಷಕ್ಕೂ ಮೇಲಾಯಿತು. ಆಸ್ಪತ್ರೆಯ ನೆಪ ಇತ್ತು. ನಾಚಿಕೆಯೂ ಇತ್ತು. ಬರಿಗೈಯಲ್ಲಿ ಹೋಗುವುದು ಹೇಗೆ, ಮಗಳು ಪೂರ್ತಿ ಗುಣವಾದ ಮೇಲೆ ಅವಳನ್ನೇ ಕರೆದುಕೊಂಡು ಹೋಗೋಣ ಎಂದುಕೊಂಡೆ. ಪೂರ್ತಿ ಗುಣ ಎಂಬುದು ಇಲ್ಲವೆಂದು ತಿಳಿಯಲೇ ಅಷ್ಟು ದಿನ ಹಿಡಿಯಿತು. ಕಡೆಗೊಮ್ಮೆ ದರ್ಗಾದ ಓಣಿಗೆ ಹೋದರೆ ಮನೆಗೆ ಬೀಗ. ಅಫಜಲಪುರಕ್ಕೆ ಮಗನ ಮನೆಗೆ ಹೋಗಿ ಬಹಳ ದಿನವಾಯಿತು ಎಂದು ಪಕ್ಕದ ಮನೆಯವರು ಅಂದರು. ಮರುದಿನ ಸೀರೆ, ಕುಪ್ಪಸದ ಖಣ, ಒಂದು ಡಬ್ಬಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಮಗಳ ಜತೆ ಬಸ್ಸು ಹತ್ತಿದೆ.

ಬಾಗಿಲು ತೆಗೆದದ್ದು ಆಕೆಯ ಸೊಸೆ. ನಾನು ಯಾರೆಂದು ಹೇಳುವ ಮೊದಲೇ ಅವಳ ಕಣ್ಣು ಮಗಳ ಕೈಗೆ ಹೋಯಿತು.

"ಆಳಂದದವ್ರೇನ್ರಿ? ಪಂಚಮಿಯಾಗ ಬಳಿ ಏರದ ಹುಡುಗಿ ಇಕೀನೇ ಏನು?" ಎಂದಳು. ಮಗಳು ಹೌದೆಂದು ತಲೆಯಾಡಿಸಿದಳು. "ಅಲ್ಲಾ... ಅಮ್ಮಿ ನೋಡಬೇಕಿತ್ತು. ಎರಡು ತಿಂಗಳಾತ್ರಿ ಅಮ್ಮಿ ಹೋಗಿ."

ಬುಟ್ಟಿ ಇಳಿಸಿ ನೀರು ಕೇಳಿದವಳು ಕುಡಿಯುವ ಮೊದಲೇ ಒರಗಿದಳಂತೆ. ನಾವು ಕುಳಿತೆವು. ಅವಳು ಚಹಾ ಮಾಡಿದಳು. ಹೋಳಿಗೆ ಡಬ್ಬಿಯನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಅತ್ತೆಯ ಕ್ಷಮೆಯನ್ನೂ ನನ್ನದನ್ನೂ ಸೇರಿಸಿ ಒಂದು ಮಾತು ಜೋಡಿಸಿಕೊಂಡು ಹೋಗಿದ್ದೆ, ಅದನ್ನು ಹೇಳತೊಡಗಿದೆ. ಅವಳು ತಡೆದಳು.

"ಬೈದದ್ದಕ್ಕ ಅಮ್ಮಿ ಬ್ಯಾಸರ ಮಾಡ್ಕೊಂಡಿಲ್ರಿ. ದಿನಾ ಬೈಸ್ಕೋತಿದ್ಲು, ಬೈತಿದ್ಲು. ಆದ್ರ ಅವತ್ತಿನಿಂದ ಯಾರ ಕೈ ಬಗ್ಗೇನೂ ಬಾಯಿ ಬಿಡಲಿಲ್ಲ. ಆಳಂದದಾಗ ಸುದ್ದಿ ಹಬ್ಬಿತ್ತಲ್ರಿ, ಆಕಿ ಬಾಯಾಗ ಅಪಶಕುನ ಅದ ಅಂತ. ಬಾಳ ಮನಿಯವ್ರು ಕರಿಯೋದು ಬಿಟ್ರು. ಅದಕ್ಕೇ ಇಲ್ಲಿಗೆ ಬಂದ್ಲು." ಚಹಾದ ಬಟ್ಟಲು ನನ್ನ ಕಡೆ ಸರಿಸಿ ಹೇಳಿದಳು. "ಹೋಗೋದಕ್ಕ ಎಂಟು ದಿನ ಮೊದಲ, ಕರಜಗಿಯಾಗ ಒಂದು ಹುಡುಗಿ ಕೈ ಹಿಡದಾಗ ಹಂಗೇ ಇತ್ತಂತ. ನಿಮ್ಮ ಹುಡುಗಿ ಕೈ ಇದ್ದಂಗ. ಹೇಳಾಕ ಬಾಯಿ ಬರಲಿಲ್ಲ, ದೊಡ್ಡ ಬಳಿ ಇಟ್ಟು ಎದ್ದು ಬಂದೆ ಅಂತ ಇಲ್ಲೇ ಕುಂತು ಅತ್ತಳ್ರಿ."

"ಯಾವ ಮನಿ ಹುಡುಗಿರಿ?"

"ಹೇಳಲಿಲ್ರಿ. ನಾನೂ ಕೇಳಲಿಲ್ಲ."

ಅಂಥ ಹೆದರಿಕೆಯನ್ನು ನಾನು ಆಸ್ಪತ್ರೆಯಲ್ಲೂ ಉಂಡಿರಲಿಲ್ಲ. ನಮ್ಮ ಹೊಸ್ತಿಲಲ್ಲಿ ನಾನು ನುಂಗಿದ ಒಂದು ಮಾತು, ಎಲ್ಲೋ ಒಂದು ಊರಲ್ಲಿ ಯಾರದೋ ಮಗಳ ಕೈಯಲ್ಲಿ ಊದುತ್ತ ಕುಳಿತಿತ್ತು. ಮುಂದಿನ ವಾರ ಕರಜಗಿಗೆ ಹೋದೆ. ಗುರುತಿನವರು ಯಾರೂ ಇಲ್ಲ. ಶಾಲೆಯಲ್ಲಿ ಪಾಠ ಹೇಳುವ ಬಾಯಾರಿಗೆ ಹೇಳಿದೆ, ಆಶಾ ಕಾರ್ಯಕರ್ತೆಗೆ ಹೇಳಿದೆ. ಬಾಯಾರು ಒಳ್ಳೆಯವರು, ಪ್ರಾರ್ಥನೆಯಲ್ಲಿ ಹುಡುಗಿಯರಿಗೆ ಕೈ ಮುಂದೆ ಚಾಚಲು ಹೇಳಿ ಸಾಲಾಗಿ ನಿಲ್ಲಿಸಿದರು. ನಾನು ಒಂದೊಂದೇ ಕೈ ಹಿಡಿದು, ಗೆಣ್ಣು ಒತ್ತಿ, ಬೆರಳು ಚಿವುಟಿ ನೋಡಿದೆ. ಎಲ್ಲ ಕೈಗಳೂ ಬೆಚ್ಚಗಿದ್ದವು, ಬಿಟ್ಟ ತಕ್ಷಣ ಕೆಂಪಾದವು. ಅಥವಾ ನನಗೆ ನೋಡಲು ಬರಲಿಲ್ಲವೋ... ಶಾಲೆ ಬಿಟ್ಟ ಹುಡುಗಿಯೋ, ಕಬ್ಬು ಕಡಿಯಲು ಹೋದವರ ಮಗಳೋ, ಲಗ್ನವಾಗಿ ಬೇರೆ ಊರು ಸೇರಿದಳೋ. ಆಶಾ ಕಾರ್ಯಕರ್ತೆ ನನ್ನ ಫೋನ್ ನಂಬರು ಬರೆದುಕೊಂಡಳು. ಇವತ್ತಿನವರೆಗೆ ಕರಜಗಿಯಿಂದ ಫೋನು ಬಂದಿಲ್ಲ. ಆ ಹುಡುಗಿಯನ್ನು ಗುರುತಿಸಬಲ್ಲವಳು ಒಬ್ಬಳೇ ಇದ್ದಳು.

ಅಫಜಲಪುರದಿಂದ ಬಂದ ದಿನ ಅತ್ತೆ ಬಾಗಿಲಲ್ಲೇ ಕುಳಿತಿದ್ದರು. ಬಾಯಿ ಬಿಟ್ಟು ಕೇಳಲಿಲ್ಲ, ಕಣ್ಣಲ್ಲಿ ಕೇಳಿದರು. ಆ ಕಣ್ಣು ನೋಡಿ ನನಗೆ ನಿಜ ಹೇಳಲಾಗಲಿಲ್ಲ. ಮಗನ ಮನೆಯಲ್ಲಿ ಆರಾಮಾಗಿದ್ದಾಳೆ, ಸೀರೆ ಕೊಟ್ಟು ಬಂದೆ ಎಂದೆ. ಮಗಳು ನನ್ನ ಮುಖ ನೋಡಿ ಒಳಗೆ ಹೋದಳು. ಆಮೇಲೆ ಮನೆಯವರಿಗೂ ಹೇಳಿ ಬಾಯಿ ಕಟ್ಟಿಸಿದೆ. ಮಂಡಿನೋವಿಗೆ ಮನೆ ಬಿಟ್ಟು ಹೊರಗೆ ಹೋಗದ ಅತ್ತೆಗೆ ಬೇರೆ ಯಾರೂ ಹೇಳಲೂ ಇಲ್ಲ. ಅಂದಿನಿಂದ ಅವರು ಖಾಲಾಳ ಮಾತೆತ್ತಿ ಕೇಳಿರಲಿಲ್ಲ.

ಇವತ್ತು ಕೇಳಿದರು. ಮಧ್ಯಾಹ್ನ ಊಟಕ್ಕೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಎಲ್ಲರೂ ಒಟ್ಟಿಗೆ ಕುಳಿತಿದ್ದೆವು. ಅತ್ತೆ ರೊಟ್ಟಿ ಮುರಿದು, ತಾಟಿನಿಂದ ಕಣ್ಣೆತ್ತದೆಯೇ ಅಂದರು:

"ಪಂಚಮಿ ಸಮೀಪ ಬಂತು. ಆಕೀಗೆ ಹೇಳಿ ಕಳಸು. ಬಂದು ಹುಡುಗಿ ಕೈಗೆ ಗಾಜಿನ ಬಳಿ ಇಟ್ಟು ಹೋಗಲಿ. ನಾ ಏನೂ ಅನ್ನಂಗಿಲ್ಲ. ಚಾಪಿ ನಾನೇ ಹಾಸ್ತೇನಿ."

ಮನೆಯವರ ಕೈ ತಾಟಿನಲ್ಲೇ ನಿಂತಿತು. ಮಗಳು ತಲೆ ಬಗ್ಗಿಸಿ ಮೊಸರು ಕಲಸುತ್ತಲೇ ಇದ್ದಳು.

"ಹೂಂ ರೀ ಅತ್ತಿ" ಎಂದೆ.

ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಬೇಡ ಬೇಡ ಎನ್ನುವವರು ಇವತ್ತು ಬೇಡ ಎನ್ನಲಿಲ್ಲ, ಪೂರ್ತಿ ಉಂಡರು. ಮಗಳು ತನ್ನ ಗುಳಿಗೆ ನುಂಗಿ ಪುಸ್ತಕ ತೆಗೆದಳು, ಮನೆಯವರು ಹೊರಗೆ ಹೋದರು. ನಾನು ಮುಸುರೆ ತಿಕ್ಕಿ, ಒಲೆ ಒರೆಸಿ ಬರುವಷ್ಟರಲ್ಲಿ ಅತ್ತೆಗೆ ಆಗಲೇ ನಿದ್ದೆ ಹತ್ತಿತ್ತು. ಖಾಲಾ ಇಲ್ಲ ಎಂಬ ಮಾತು ಇವತ್ತೂ ನನ್ನ ಬಾಯಲ್ಲೇ ಉಳಿಯಿತು, ಅವರೇ ಮೊದಲು ಮಲಗಿದರು.